ಗಿಲ್ಫೋರ್ಡಿನ ಕಲ್ಲುಮನೆ

ನಾವಿರುವ ಅಮೆರಿಕದ ಕನೆಕ್ಟಿಕಟ್‌ನಲ್ಲಿ ಮನೆ ಅಂದರೆ ಮರದ್ದೇ. ಕಾಡು ಜಾಸ್ತಿ ಇದ್ದ ಕಡೆ ಬೇರೆ ಯಾಕೆ ಕಟ್ಟುತ್ತಾರೆ? ಅದಕ್ಕೇ ಸಮುದ್ರದಂಚಿನ ಗಿಲ್ಫೋರ್ಡ್ ಊರಿನ ಹೆನ್ರಿ ವಿಟ್‌ಫೀಲ್ಡ್ ಮನೆ ಕಣ್ಣಿಗೆ ಬೀಳುತ್ತದೆ. 1639ರಲ್ಲಿ ಕಟ್ಟಿದ ಕಲ್ಲುಮನೆ. ಇಡೀ ನ್ಯೂ ಇಂಗ್ಲೆಂಡಿನಲ್ಲಿ, ಅಂದರೆ ಅಮೆರಿಕದ ಈಶಾನ್ಯ ಮೂಲೆಯ ರಾಜ್ಯಗಳಲ್ಲಿ, ಇದಕ್ಕಿಂತ ಹಳೆಯ ಕಲ್ಲಿನ ಮನೆ ಉಳಿದಿಲ್ಲ.

ವಿಟ್‌ಫೀಲ್ಡ್ ಒಬ್ಬ ಪ್ಯೂರಿಟನ್ ಪಾದ್ರಿ, ಚರ್ಚನ್ನು ಇನ್ನಷ್ಟು ಶುದ್ಧ ಮಾಡಬೇಕು ಅನ್ನುವ ಪಂಥದವರು. ಇಂಗ್ಲೆಂಡಿನ ಚರ್ಚಿನ ಜೊತೆ ಹೊಂದಲಾರದೆ ತನ್ನವರನ್ನು ಕರೆದುಕೊಂಡು ಹಡಗು ಹತ್ತಿದವರು. ಊರು ಕಟ್ಟಿದ ಜಾಗ ಅಲ್ಲಿನ ಮೂಲನಿವಾಸಿಗಳಾದ ಮೆನಂಕಟಕ್ ಜನರದ್ದು. ಅವರ ನಾಯಕಿ ಶಾಂಪಿಶು ಎಂಬ ಹೆಣ್ಣುಮಗಳು ಮಾರಿಕೊಟ್ಟಳು ಅಂತ ಕಾಗದಪತ್ರ ಹೇಳುತ್ತದೆ. ಆಕೆ ಅದನ್ನು ಹೇಗೆ ಕಂಡಳೋ, ಕಾಗದ ಬರೆದವರು ಇಂಗ್ಲಿಷರೇ ಅಲ್ವಾ.

ಮರ ಬಿಟ್ಟು ಕಲ್ಲು ಯಾಕೆ? ಭಯ ಒಂದು ಕಾರಣ. ಪೀಕ್ವಾಟ್ ಎಂಬ ಮೂಲನಿವಾಸಿಗಳ ಜೊತೆ ಇಂಗ್ಲಿಷ್ ವಲಸಿಗರು ಮಾಡಿದ ಯುದ್ಧ ಮುಗಿದದ್ದು ಅದರ ಹಿಂದಿನ ವರ್ಷವಷ್ಟೇ. ಪಾದ್ರಿಯ ಮನೆಯೇ ಊರಿಗೆ ಕೋಟೆ, ಸಭೆ ಸೇರುವ ಜಾಗ ಎಲ್ಲ ಆಗಬೇಕಿತ್ತು. ಗೋಡೆ ಸುಮಾರು ಎರಡು ಅಡಿ ದಪ್ಪ. ಸುತ್ತಮುತ್ತಲ ಕಲ್ಲನ್ನೇ ತಂದು, ಜೇಡಿಮಣ್ಣಿಗೆ ಪುಡಿ ಮಾಡಿದ ಸಿಂಪಿ ಚಿಪ್ಪು ಬೆರೆಸಿ ಗಾರೆ ಮಾಡಿಕೊಂಡರು. ನಮ್ಮ ಕರಾವಳಿಯಲ್ಲಿ ಚಿಪ್ಪು ಸುಟ್ಟು ಸುಣ್ಣ ಮಾಡುತ್ತಿದ್ದರಲ್ಲ, ಸಮುದ್ರದ ಪಕ್ಕ ಇದ್ದವರಿಗೆ ಕೈಗೆ ಸಿಗುವುದು ಅದೇ. ಚಾವಣಿಯ ಇಳಿಜಾರು ತುಂಬಾ ಕಡಿದಾಗಿದೆ, ಹಿಮ ನಿಲ್ಲದೆ ಜಾರಿಬಿಡುತ್ತದೆ. ಕೆಳಗಿನ ದೊಡ್ಡ ಕೋಣೆ ಉದ್ದ 33 ಅಡಿ, ಎರಡು ತುದಿಗೂ ಒಲೆ. ಕಿಟಕಿಗಳು ಸಣ್ಣವು, ಒಳಗೆ ಹಗಲಲ್ಲೂ ಅರೆಗತ್ತಲು. ನನಗಂತೂ ಅದರಲ್ಲಿ ಹತ್ತು ನಿಮಿಷಕ್ಕಿಂತ ಜಾಸ್ತಿ ಇರಬೇಕು ಅನ್ನಿಸಲಿಲ್ಲ, ಆದರೂ ಗೋಡೆ ಮುಟ್ಟಿ ನೋಡದೆ ಬರಲು ಮನಸ್ಸಾಗಲಿಲ್ಲ.

ವಿಟ್‌ಫೀಲ್ಡ್ 1650ರಲ್ಲಿ ಇಂಗ್ಲೆಂಡಿಗೆ ವಾಪಸ್ ಹೋಗಿಬಿಟ್ಟರು. ಆಮೇಲೆ ಮನೆ ಕೈಯಿಂದ ಕೈಗೆ ಹೋಯಿತು. 1868ರಲ್ಲಿ ತುಂಬಾ ಬದಲಾವಣೆ ಆಯಿತು. 1900ರಲ್ಲಿ ರಾಜ್ಯ ಸರ್ಕಾರ ಕೊಂಡುಕೊಂಡು ಮ್ಯೂಸಿಯಂ ಮಾಡಿತು. ಮುಂದೆ ನಾರ್ಮನ್ ಐಶಮ್, 1930ರ ದಶಕದಲ್ಲಿ ಫ್ರೆಡರಿಕ್ ಕೆಲ್ಲಿ, ಇಬ್ಬರು ವಾಸ್ತುಶಿಲ್ಪಿಗಳು ತಮ್ಮ ತಮ್ಮ ಊಹೆಯಂತೆ 'ಹಳೆಯ' ರೂಪ ಕೊಟ್ಟರು.

ಅಂದರೆ ಇವತ್ತು ಕಾಣುವುದರಲ್ಲಿ 1639 ಎಷ್ಟಿದೆಯೋ, 1930ರ ಕಾಲದವರ ಕಲ್ಪನೆಯೂ ಅಷ್ಟೇ ಇದೆ ಅನ್ನಬೇಕು. ಮೋಸ ಅನ್ನಿಸಲಿಲ್ಲ ನನಗೆ. 1997ರಲ್ಲಿ ಇದನ್ನು ರಾಷ್ಟ್ರೀಯ ಐತಿಹಾಸಿಕ ಸ್ಮಾರಕವಾಗಿ ಸಾರಿದಾಗ ಆ ದುರಸ್ತಿಯನ್ನೂ ಮನೆಯ ಚರಿತ್ರೆಯ ಭಾಗವಾಗಿಯೇ ಲೆಕ್ಕಕ್ಕೆ ತೆಗೆದುಕೊಂಡರು.