ಅಲ್ಯೂಮಿನಿಯಂ ದೋಣಿಯ ಬೆನ್ನು ಮತ್ತು ಅಪ್ಪನ ಮೈಲುತುತ್ತ

ಮಿನ್ನೆಸೋಟಾದಲ್ಲಿ ಕೆರೆಗಳ ಐಸ್ ಕರಗಿತೆಂದರೆ ನಮ್ಮ ಬೀದಿಯ ಅರ್ಧ ಮನೆಗಳ ಮುಂದೆ ದೋಣಿಗಳು ಟ್ರೈಲರ್ ಏರಿ ಕೂತಿರುತ್ತವೆ. ಈ ರಾಜ್ಯದ ಕಾರುಗಳ ನಂಬರ್ ಪ್ಲೇಟಿನಲ್ಲೇ ‘10,000 ಕೆರೆಗಳು’ ಎಂದಿರುತ್ತದೆ. ಹತ್ತು ಎಕರೆ ಮತ್ತು ಅದಕ್ಕಿಂತ ದೊಡ್ಡವನ್ನು ಮಾತ್ರ ಎಣಿಸಿದರೂ ಸರ್ಕಾರಿ ಲೆಕ್ಕ 11,842. ಬಡಾಯಿಯಲ್ಲಿ ಕಡಿಮೆ ಹೇಳಿಕೊಂಡ ಊರು ನಾನು ಕಂಡದ್ದು ಇದೊಂದೇ.

ಮೀನು ಹಿಡಿಯುವವರ ಬಳಿ ಹೆಚ್ಚಾಗಿ ಇರುವುದು ಹದಿನಾಲ್ಕು, ಹದಿನಾರು ಅಡಿಯ ಅಲ್ಯೂಮಿನಿಯಂ ದೋಣಿ. ಹಗುರ, ಕಬ್ಬಿಣದ ಹಾಗೆ ತುಕ್ಕು ತಿನ್ನದು, ಮೂವತ್ತು ವರ್ಷ ಹಳೆಯದನ್ನೂ ಜನ ಕೊಳ್ಳುತ್ತಾರೆ. ನಾನು ಕೊಂಡದ್ದೂ ಅಂಥದ್ದೇ. ಅದರ ಬೆನ್ನು ಮೆತ್ತಗಾಗಿದೆ ಎಂದು ಮಾರಿದವರೇ ಹೇಳಿದ್ದರು, ಬೆಲೆಯೂ ಅದಕ್ಕೆ ತಕ್ಕ ಹಾಗೆ ಇಳಿದಿತ್ತು.

ಬೆನ್ನು ಎಂದರೆ ಟ್ರಾನ್ಸಮ್. ದುಬಾರೆಯಲ್ಲಿ ಆನೆ ಕ್ಯಾಂಪಿಗೆ ಮೋಟಾರ್ ದೋಣಿಯಲ್ಲಿ ದಾಟಿದವರು ಹಿಂದೆ ತಿರುಗಿ ನೋಡಿದ್ದರೆ, ಎಂಜಿನ್ ನೇತುಹಾಕಿದ ಅಡ್ಡಗೋಡೆ ಕಂಡಿರುತ್ತದೆ. 25 ಹಾರ್ಸ್‌ಪವರ್ ಮೋಟಾರ್ ಎಂದರೆ 50ರಿಂದ 70 ಕೆಜಿ ತೂಕ. ಪ್ರೊಪೆಲ್ಲರ್ ತಳ್ಳುವ ಬಲವೂ ಈ ಗೋಡೆಯ ಮೂಲಕವೇ ದೋಣಿಗೆ ಸೇರಬೇಕು. ಟ್ರೈಲರ್ ಗುಂಡಿಗೆ ಇಳಿದು ಹತ್ತಿದಾಗಲೆಲ್ಲ ಮೋಟಾರಿನ ಉದ್ದ ಕಾಲು ಅದನ್ನು ಮೀಟುತ್ತಲೇ ಇರುತ್ತದೆ. ತೆಳು ಅಲ್ಯೂಮಿನಿಯಂ ಹಾಳೆಯೊಂದರಿಂದ ಇದೆಲ್ಲ ಆಗದು. ಅದಕ್ಕೆ ಒಳಗೆ ಸುಮಾರು ಒಂದೂವರೆ ಇಂಚು ದಪ್ಪದ ಪ್ಲೈವುಡ್ ಇಟ್ಟು ರಿವೆಟ್ ಹೊಡೆದಿರುತ್ತಾರೆ. ಲೋಹದ ದೋಣಿ ಸಾಯುವುದು ಈ ಮರದಿಂದ.

ಬೋಲ್ಟಿನ ತೂತು, ನೀರು ಬಸಿಯುವ ಕೊಳವೆ, ಮೇಲಿನ ಮುಚ್ಚಳದ ಸಂದು, ಇಷ್ಟು ಸಾಕು ನೀರಿಗೆ. ಒಳಹೋದದ್ದು ಲೋಹದ ನಡುವೆ ಸಿಕ್ಕಿ ಒಣಗುವುದೇ ಇಲ್ಲ. ಚಳಿಗಾಲದಲ್ಲಿ ಅದು ಹೆಪ್ಪುಗಟ್ಟಿ ಉಬ್ಬುವುದು ಇಲ್ಲಿಯ ಹೆಚ್ಚುವರಿ ಕಾಟ. ಪರೀಕ್ಷೆ ಸುಲಭ: ಮರ ಕೊಳೆತಿದ್ದರೆ, ಮೋಟಾರಿನ ಕೆಳತುದಿ ಹಿಡಿದು ಎಳೆದು ಬಿಟ್ಟರೆ ಗೋಡೆ ಬಾಗುತ್ತದೆ, ಸುತ್ತಿಗೆಯಲ್ಲಿ ತಟ್ಟಿದರೆ ‘ಟಣ್’ ಎನ್ನದೆ ‘ದಬ್’ ಎನ್ನುತ್ತದೆ. ನಮ್ಮದರ ತೂತಿಗೆ ಸ್ಕ್ರೂಡ್ರೈವರ್ ಹಾಕಿದರೆ ಹಿಡಿಯವರೆಗೂ ಇಳಿಯಿತು.

ಮೋಟಾರ್ ಇಳಿಸಿ, ಮೂಲೆಯ ಕಟ್ಟುಗಳ ರಿವೆಟ್ ಕೊರೆದು ತೆಗೆದು, ಹಳೆಯ ಮರವನ್ನು ಆದಷ್ಟು ಇಡಿಯಾಗಿ ಹೊರತೆಗೆಯಬೇಕು. ಹೊಸದನ್ನು ಕತ್ತರಿಸಲು ಅದೇ ಅಳತೆ. ಆ ಕೊಳೆತ ಹಲಗೆಯನ್ನು ವಿಡಿಯೋ ಕಾಲಿನಲ್ಲಿ ಕೊಡಗಿನ ಸುಂಟಿಕೊಪ್ಪದ ಮನೆಗೆ ತೋರಿಸಿದೆ. “ಪ್ಲೈವುಡ್ ಯಾಕೆ, ಒಂದು ಒಳ್ಳೇ ತೇಗದ ಹಲಗೆ ಹಾಕು, ನಿನ್ನ ಮಕ್ಕಳ ಕಾಲಕ್ಕೂ ಇರುತ್ತೆ” ಎಂದ ತಮ್ಮ. ತೋಟದಲ್ಲಿ ಮರ ಇದ್ದವರ ಮಾತು. ಆದರೆ ಅಗಲದ ಹಲಗೆ ನೆನೆದಾಗ ಅಡ್ಡಕ್ಕೆ ಹಿಗ್ಗುತ್ತದೆ, ಒಣಗಿದಾಗ ಕುಗ್ಗಿ ಸೀಳುತ್ತದೆ. ಪ್ಲೈನಲ್ಲಿ ಪದರಗಳ ನಾರು ಒಂದಕ್ಕೊಂದು ಅಡ್ಡಡ್ಡ ಇರುವುದರಿಂದ ಅಷ್ಟು ಅಲುಗಾಡುವುದಿಲ್ಲ.

ಅಪ್ಪ ಮಾತ್ರ ಬೇರೆಯದೇ ಕೇಳಿದರು. “ಮದ್ದು ಹಾಕಿದ ಮರ ಸಿಗಲ್ವಾ ಅಲ್ಲಿ?” ಸಿಗುತ್ತದೆ, ತೆಳು ಹಸಿರು ಬಣ್ಣದ್ದು, ಬೇಲಿಗೂ ಜಗಲಿಗೂ ಎಲ್ಲರೂ ಹಾಕುವುದು ಅದನ್ನೇ. ಆ ಹಸಿರು ತಾಮ್ರದ್ದು ಎಂದೆ. ಮುಂದೆ ನಾನು ವಿವರಿಸಬೇಕಾಗಲಿಲ್ಲ. “ಹಾಗಾದ್ರೆ ಬೇಡ, ಮೈಲುತುತ್ತ ತಗಡಿನ ಡ್ರಮ್ಮಿಗೆ ಹಾಕಿದ ಹಾಗಾಗ್ತದೆ” ಎಂದುಬಿಟ್ಟರು. ಮೈಲುತುತ್ತ ಎಂದರೆ ತಾಮ್ರದ ಸಲ್ಫೇಟ್.

ಕೊಡಗಿನಲ್ಲಿ ಮಳೆಗಾಲಕ್ಕೆ ಮುಂಚೆ ಮೆಣಸಿನ ಬಳ್ಳಿಗೆ ಕೊಳೆರೋಗ ಬರದಂತೆ ಬೋರ್ಡೋ ದ್ರಾವಣ ಹೊಡೆದವರಿಗೆಲ್ಲ ಇದು ಗೊತ್ತು. ಶೇಕಡಾ 1ರ ದ್ರಾವಣಕ್ಕೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು. ಬೆರೆಸುವುದು ಪ್ಲಾಸ್ಟಿಕ್ ಡ್ರಮ್ಮಿನಲ್ಲಿ. ಆಮೇಲೆ ಉಜ್ಜಿದ ಕಬ್ಬಿಣದ ಚಾಕು ಅದ್ದಿ ನೋಡುವುದು. ಅಲಗಿನ ಮೇಲೆ ಕೆಂಪು ಕೂತರೆ ಸುಣ್ಣ ಸಾಲದು, ತಾಮ್ರ ಇನ್ನೂ ಬಿಡಿಯಾಗಿ ಉಳಿದಿದೆ. ಕಬ್ಬಿಣ ಕರಗಿ ತನ್ನ ಜಾಗವನ್ನು ತಾಮ್ರಕ್ಕೆ ಬಿಟ್ಟುಕೊಟ್ಟದ್ದರ ಗುರುತು ಆ ಕೆಂಪು. ಅಲ್ಯೂಮಿನಿಯಂ ಈ ವಿಷಯದಲ್ಲಿ ಕಬ್ಬಿಣಕ್ಕಿಂತ ದುರ್ಬಲ. ಮರದಲ್ಲಿರುವ ತಾಮ್ರ ತೇವದಲ್ಲಿ ಇಳಿದು ತಗುಲಿದರೆ ದೋಣಿಯ ಹಾಳೆಯಲ್ಲಿ ಮೊದಲು ಬಿಳಿ ಪುಡಿ, ಆಮೇಲೆ ತೂತು. ಅಮೆರಿಕದಲ್ಲಿ 2003ರ ಕೊನೆಗೆ ಮನೆಬಳಕೆಯ ಮರಕ್ಕೆ ಆರ್ಸೆನಿಕ್ ಬೆರೆತ ಮದ್ದು ನಿಂತಿತು. ಬದಲಿಗೆ ಬಂದವುಗಳಲ್ಲಿ ತಾಮ್ರ ಇನ್ನೂ ಜಾಸ್ತಿ. ಮರ ಉಳಿಸುವ ಮದ್ದೇ ದೋಣಿಗೆ ವಿಷ. ಅಂಗಡಿಗಳಲ್ಲಿ ಇದನ್ನು ಯಾರೂ ತಾವಾಗಿ ಹೇಳುವುದಿಲ್ಲ.

ಹಾಗಾಗಿ ಮದ್ದಿಲ್ಲದ ಮೆರೈನ್ ಪ್ಲೈ. ನಮ್ಮಲ್ಲಿ ಅಡುಗೆಮನೆ ಕಪಾಟಿಗೆ ‘710’ ಎಂದು ಕೇಳಿ ತರುತ್ತಾರಲ್ಲ, ಐಎಸ್ 710, ಅದೂ ಮೆರೈನ್ ಪ್ಲೈಯೇ, ಆದರೆ ಅದಕ್ಕೆ ಮದ್ದು ಹಾಕಿರುತ್ತಾರೆ, ಇದಕ್ಕಿಲ್ಲ. ಇದರ ಅಂಟು ನೀರಿಗೆ ಬಿಡುವುದಿಲ್ಲ, ಆದರೆ ಮರ ಮರವೇ, ನೆನೆದುಕೊಂಡೇ ಇದ್ದರೆ ಕೊಳೆಯುತ್ತದೆ. ಮುಕ್ಕಾಲು ಇಂಚಿನ ಎರಡು ಹಾಳೆಗಳನ್ನು ಎಪಾಕ್ಸಿ ಎಂಬ ಗಟ್ಟಿ ಅಂಟಿನಲ್ಲಿ ಅಂಟಿಸಿ, ಅಂಚುಗಳು ಕುಡಿದಷ್ಟೂ ಕುಡಿಸಿ, ಮೂರು ಕೋಟು ಬಳಿದೆ. ಎಪಾಕ್ಸಿ ಗಟ್ಟಿಯಾಗಲು ಬೆಚ್ಚಗಿರಬೇಕು. ಏಪ್ರಿಲ್‌ನಲ್ಲೂ ಗ್ಯಾರೇಜಿಗೆ ಹೀಟರ್ ಇಡುವುದನ್ನು ಅಮ್ಮ ಇನ್ನೂ ನಂಬಿಲ್ಲ.

ಬೋಲ್ಟಿನ ತೂತುಗಳಲ್ಲಿ ಅವಸರ ಮಾಡಬಾರದು. ಬೇಕಾದ್ದಕ್ಕಿಂತ ದೊಡ್ಡದಾಗಿ ಕೊರೆದು, ಗಟ್ಟಿ ಎಪಾಕ್ಸಿ ತುಂಬಿ, ಒಣಗಿದ ಮೇಲೆ ಅದರ ನಡುವೆ ಸರಿಯಳತೆಯ ತೂತು ಕೊರೆಯಬೇಕು. ಆಗ ಬೋಲ್ಟ್ ಮರವನ್ನು ಮುಟ್ಟುವುದೇ ಇಲ್ಲ, ಸಂದು ಮುಚ್ಚುವ ಸೀಲಂಟ್ ಎಂದೋ ಬಿರಿದರೂ ನೀರು ಮರ ಸೇರದು. ಬೋಲ್ಟ್ ಸ್ಟೇನ್‌ಲೆಸ್, ಸುತ್ತ ಪಾಲಿಯುರೆಥೇನ್ ಸೀಲಂಟ್. ಘನ ರಿವೆಟ್‌ಗೆ ಇಬ್ಬರು ಬೇಕು: ಹೊರಗೆ ಏರ್ ಹ್ಯಾಮರ್ ಹಿಡಿದು ನಾನು, ಒಳಗೆ ಉಕ್ಕಿನ ಗಟ್ಟಿ ಒತ್ತಿ ಹಿಡಿದು ಹೆಂಡತಿ. ಪಕ್ಕದ ಮನೆಯ ನಾಯಿ ಅಂದಿನಿಂದ ನಮ್ಮನ್ನು ಮಾತಾಡಿಸುತ್ತಿಲ್ಲ.

ತಮ್ಮನಿಗೀಗ ತೋಟದ ಕೆರೆಗೆ ಒಂದು ಹಳೆಯ ದೋಣಿ ತರುವ ಯೋಚನೆ. ಪ್ರವಾಹದಲ್ಲಿ ರಕ್ಷಣಾ ತಂಡಗಳು ತರುವ ರಬ್ಬರ್ ದೋಣಿಯೂ ಆಗಬಹುದು ಎನ್ನುತ್ತಾನೆ. ಅದಕ್ಕೂ ಮೋಟಾರ್ ಕೂರಿಸಲು ಹಿಂದೆ ಇಂಥದೇ ಗಟ್ಟಿ ಗೋಡೆ ಇರುತ್ತದೆ. ಯಾವುದಾದರೂ ಸರಿ, ಕೊಳ್ಳುವ ಮುಂಚೆ ಸುತ್ತಿಗೆಯಲ್ಲಿ ತಟ್ಟಿ ನೋಡು, ದಡದಲ್ಲಿಟ್ಟಾಗ ಮೂತಿ ಎತ್ತರಿಸಿ ಹಿಂದಿನ ಬಿರಡೆ ತೆಗೆದಿಡು, ಬೋರ್ಡೋ ಡ್ರಮ್ಮನ್ನು ಅದರಲ್ಲಿ ಸಾಗಿಸಬೇಡ ಎಂದಿದ್ದೇನೆ.