ಅಡ್ಡ ಬೆರಳೋ, ಉದ್ದ ಬೆರಳೋ?

"ಒಂದು ಬೆರಳಷ್ಟು ತೆಗೀರಿ, ಸಾಕು" ಅಂದೆ. ಬಾಚಣಿಗೆ ಹಿಡಿದ ಕೈ ಅಲ್ಲೇ ನಿಂತಿತು. ಕನ್ನಡಿಯಲ್ಲಿ ನನ್ನ ಮುಖ ನೋಡಿ ಅವರು ಕೇಳಿದರು: "ಅಡ್ಡ ಬೆರಳೋ, ಉದ್ದ ಬೆರಳೋ ಸಾರ್?"

ಬುಧವಾರ ಸಂಜೆಯಿಂದ ಇದೇ ತಲೆಯಲ್ಲಿ ಸುತ್ತುತ್ತಿದೆ. ಎಷ್ಟು ಸಣ್ಣ ಪ್ರಶ್ನೆ! ಇದನ್ನು ಹೋದ ವರ್ಷ ಯಾರಾದರೂ ಕೇಳಿದ್ದರೆ ನನ್ನ ಆರು ತಿಂಗಳು ಉಳಿಯುತ್ತಿತ್ತು.

ಹೋದ ವರ್ಷದ್ದು ಒಂದು ದೊಡ್ಡ ಎಸಿ ಸಲೂನ್. ಹೆಸರು ಬೇಡ. ಒಳಗೆ ಹೋದ ತಕ್ಷಣ ನೀರು ಕೊಟ್ಟರು, ಗ್ರೀನ್ ಟೀ ಕೊಟ್ಟರು, ಕಪ್ಪು ಏಪ್ರನ್ ಹಾಕಿಕೊಂಡ ಹುಡುಗ ಬಂದು ಕೈ ಕುಲುಕಿದ. ಅಲ್ಲೂ ನಾನು ಇದೇ ಮಾತು ಹೇಳಿದ್ದು, ಒಂದು ಬೆರಳು. "ನೀವು ಆರಾಮಾಗಿರಿ ಸಾರ್" ಅಂದ. ಆರಾಮಾಗಿದ್ದೆ. ಕಣ್ಣು ಬಿಟ್ಟು ನೋಡಿದರೆ ಭುಜದ ಮೇಲಿದ್ದ ಕೂದಲು ಕಿವಿಯ ಹತ್ತಿರ ಬಂದಿತ್ತು. ಅವನ ಲೆಕ್ಕದಲ್ಲಿ ಬೆರಳು ಅಂದರೆ ಬುಡದಿಂದ ಉಗುರಿನ ತುದಿವರೆಗೆ. ಕೂದಲು ತಿಂಗಳಿಗೆ ಬೆಳೆಯುವುದೇ ಹೆಚ್ಚು ಕಡಿಮೆ ಒಂದೂಕಾಲು ಸೆಂಟಿಮೀಟರ್. ಉದ್ದ ಬೆರಳು ಅಂದರೆ ಆರು ತಿಂಗಳ ಬೆಳೆ.

ಬಿಲ್ ಬಂದಾಗ ಇನ್ನೊಂದು ತಮಾಷೆ. 'ಲಾಂಗ್ ಹೇರ್' ಅಂತ ಒಂಬೈನೂರು ರೂಪಾಯಿ ಹಾಕಿದ್ದರು. "ಈಗ ಎಲ್ಲಿದೆಯಪ್ಪಾ ಲಾಂಗು?" ಅಂದೆ. ಕೌಂಟರಿನ ಹುಡುಗಿ ನಗದೆ ಹೇಳಿದಳು, "ಕತ್ತರಿಸೋ ಮುಂಚೆ ಇತ್ತಲ್ಲ ಸಾರ್." ವಾದಿಸಲು ಏನೂ ಉಳಿದಿರಲಿಲ್ಲ, ಕೂದಲೂ ಸೇರಿದಂತೆ.

ಮನೆಗೆ ಬಂದರೆ ಹೆಂಡತಿ ಹೊಟ್ಟೆ ಹಿಡಿದು ನಕ್ಕಳು. "ರೀ, ನಮಗೆಲ್ಲ ಇದು ಹೈಸ್ಕೂಲಲ್ಲೇ ಆಗಿದೆ. ತುದಿ ಮಾತ್ರ ಅಂತ ಹೇಳಿ ಅಳ್ತಾ ಬರೋದು. ನಿಮಗೆ ನಲವತ್ತೆರಡಕ್ಕೆ ಆಯ್ತು, ಅಷ್ಟೇ." ಅವಳು ಹೇಳಿದ್ದು ಸರಿ. ಗಂಡಸರಿಗೆ ಏನಾದರೂ ಆದಾಗ ಅದು ಜಗತ್ತಿನಲ್ಲಿ ಮೊದಲ ಸಲ ಆದ ಹಾಗೆ ಆಡುತ್ತೇವೆ. ನೋಡಿ, ನಾನು ಬರೆಯಲೂ ಕೂತಿದ್ದೇನೆ.

ನಾನೇನು ಶೋಕಿಗೆ ಕೂದಲು ಬಿಟ್ಟವನಲ್ಲ. 2020ರಲ್ಲಿ ಅಂಗಡಿಗಳು ಮುಚ್ಚಿದ್ದಾಗ ಬೆಳೆಯಿತು. ತೆರೆದ ಮೇಲೆ ಹೋಗಲು ಮನಸ್ಸಾಗಲಿಲ್ಲ. ಸ್ವಲ್ಪ ಗುಂಗುರು, ಸ್ವಲ್ಪ ನರೆ, ಹಿಂದೆ ಒಂದು ರಬ್ಬರ್ ಬ್ಯಾಂಡ್. ಎದುರುಮನೆ ಆಂಟಿ ಮೊದಲ ವರ್ಷವೇ ಕೇಳಿದ್ದರು, "ಹರಕೆನಾ? ಮಾದಪ್ಪನ ಬೆಟ್ಟಕ್ಕೋ, ನಂಜನಗೂಡಿಗೋ?" ಹರಕೆ ಅಲ್ಲ ಅಂದಿದ್ದಕ್ಕೆ ಅವರಿಗೆ ಬೇಜಾರಾಯಿತು. ಹರಕೆ ಆಗಿದ್ದರೆ ಮರ್ಯಾದೆ ಇರುತ್ತಿತ್ತು. 2006ರಲ್ಲಿ ಲಾಹೋರ್‌ನಲ್ಲಿ ಪಂದ್ಯ ಮುಗಿದ ಮೇಲೆ ಅಧ್ಯಕ್ಷ ಮುಷರಫ್ ನಮ್ಮ ಧೋನಿಗೆ ಈ ಕೂದಲು ತೆಗೆಸಬೇಡ ಅಂದಿದ್ದರು. ನನಗೆ ಸಿಕ್ಕಿದ್ದು ಬಡಾವಣೆ ಸಂಘದ ಅಧ್ಯಕ್ಷರು. ಕಂಡಾಗಲೆಲ್ಲ ಅವರ ಪ್ರಶ್ನೆ ಒಂದೇ, "ಯಾವಾಗ ತೆಗೆಸ್ತೀಯಪ್ಪಾ?"

ಇವರಿಗೆ ಯಾರು ಹೇಳಬೇಕು, ನಮ್ಮ ಮುತ್ತಜ್ಜನ ಕಾಲದಲ್ಲಿ ಬೈಸಿಕೊಳ್ಳುತ್ತಿದ್ದವರು ಕೂದಲು ಕತ್ತರಿಸಿದವರು ಅಂತ? ಜುಟ್ಟು ತೆಗೆಸಿ ಕ್ರಾಪು ಬಿಟ್ಟು ಬಂದ ದಿನ ಮುತ್ತಜ್ಜನನ್ನು ಹಿತ್ತಲ ಬಾಗಿಲಿಂದ ಒಳಗೆ ಕರೆದುಕೊಂಡರಂತೆ. ಆಗ ಕ್ರಾಪು ಕೆಟ್ಟುಹೋದವರ ಗುರುತು, ಈಗ ಜುಟ್ಟು.

ಕಿವಿಯವರೆಗಿನ ಕೂದಲು ಮತ್ತೆ ಭುಜಕ್ಕೆ ಬರುವಷ್ಟರಲ್ಲಿ ಮೂರು ಅಂಗಡಿ ನೋಡಿದೆ. ಒಂದರಲ್ಲಿ, "ಇಷ್ಟುದ್ದ ನಾವು ಮಾಡಲ್ಲ ಸಾರ್, ಮಷಿನ್ ಹಾಕಲಾ?" ಅಂದರು. ಪ್ರಾಮಾಣಿಕರು, ನಮಸ್ಕಾರ ಹೇಳಿ ಬಂದೆ. ಎರಡನೆಯದು ಲೇಡೀಸ್ ಪಾರ್ಲರ್. ಬಾಗಿಲಲ್ಲೇ ನಿಲ್ಲಿಸಿದರು, ಅದೂ ಸರಿಯೇ. ಮೂರನೆಯವನು ಹಲ್ಲು ಹಲ್ಲು ಕತ್ತರಿ ತೆಗೆದುಕೊಂಡು ಕಚಕಚ ಅಂತ ಒಳಗಿನ ಕೂದಲನ್ನೆಲ್ಲ ತೆಳು ಮಾಡಿದ. ಅವತ್ತು ಚೆನ್ನಾಗಿಯೇ ಕಂಡಿತು. ತಿಂಗಳಾದ ಮೇಲೆ ನೋಡಬೇಕಿತ್ತು.

ಕೊನೆಗೆ ದಾರಿ ಸಿಕ್ಕಿದ್ದು ರಂಗಾಯಣದಲ್ಲಿ. ನಾಟಕ ಮುಗಿದು ಆಚೆ ಟೀ ಕುಡಿಯುತ್ತಿದ್ದಾಗ ಪಕ್ಕದಲ್ಲಿ ಒಬ್ಬರು ನಿಂತಿದ್ದರು. ನನ್ನದೇ ಉದ್ದ, ನನ್ನದೇ ಗುಂಗುರು, ಆದರೆ ಎಷ್ಟು ಚೆನ್ನಾಗಿ ಕೂತಿತ್ತು! ಹೆಂಗಸರಾದರೆ ಎರಡು ಸೆಕೆಂಡಿನಲ್ಲಿ ಕೇಳಿಬಿಡುತ್ತಾರೆ. ನಾನು ಒಂದು ಟೀ ಪೂರ್ತಿ ಮುಗಿಸಿ, ಇನ್ನೊಂದು ತೆಗೆದುಕೊಂಡು, ನಾಟಕದ ಬೆಳಕಿನ ಬಗ್ಗೆ ಏನೋ ಹೇಳಿ, ಆಮೇಲೆ ಕೇಳಿದೆ. "ತಪ್ಪು ತಿಳ್ಕೋಬೇಡಿ, ಕೂದಲು ಎಲ್ಲಿ ಕಟ್ ಮಾಡಿಸ್ತೀರಿ?" ಅವರು ಒಂದು ಹೆಜ್ಜೆ ಹಿಂದೆ ಹೋದರು. ಆಮೇಲೆ ನನ್ನ ತಲೆ ನೋಡಿದರು. ಅರ್ಥವಾಯಿತು ಅಂತ ಕಾಣುತ್ತದೆ, ಮುಖದಲ್ಲಿ ಮರುಕ ಬಂತು.

ಅಗ್ರಹಾರದ ಕಡೆ ಒಂದು ಓಣಿ. ಎರಡೇ ಕುರ್ಚಿಯ ಅಂಗಡಿ. ಮೇಲಿನ ಮಹಡಿಯಲ್ಲಿ ಅಂಗಡಿಯವರ ಹೆಂಡತಿಯ ಬ್ಯೂಟಿ ಪಾರ್ಲರ್. ಉದ್ದ ಕೂದಲು ಕತ್ತರಿಸುವುದನ್ನು ಹೆಂಡತಿಯಿಂದ ಕಲಿತೆ ಅಂತ ಸಂಕೋಚವಿಲ್ಲದೆ ಹೇಳಿದರು. ಐವತ್ತೈದರ ಆಸುಪಾಸಿನ ಮನುಷ್ಯ. ಅಪ್ಪನ ಕಾಲದ ಕಸುಬು.

"ಅಡ್ಡ ಬೆರಳೋ, ಉದ್ದ ಬೆರಳೋ?"

ನಾನು ಅಡ್ಡ ಅಂದೆ. ಅವರಿಗೆ ಅದೂ ಸಾಲಲಿಲ್ಲ. "ನಿಮ್ಮ ಬೆರಳೋ, ನನ್ನ ಬೆರಳೋ?" ಅಂತ ನಕ್ಕು, ಭುಜದ ಮೇಲಿಂದ ಒಂದು ಎಳೆ ತಂದು ನನ್ನ ಕೈಗೇ ಕೊಟ್ಟರು. "ನೀವೇ ಹಿಡಿದು ತೋರಿಸಿ." ಹಿಡಿದೆ. ಸ್ಪ್ರೇ ಬಾಟಲಿ ಮುಟ್ಟಲಿಲ್ಲ. ಒದ್ದೆಯಾದರೆ ಗುಂಗುರು ಎಳೆದುಕೊಂಡು ಉದ್ದ ಕಾಣುತ್ತೆ, ಒಣಗಿದ ಮೇಲೆ ಮೇಲಕ್ಕೆ ಓಡುತ್ತೆ, ಅದಕ್ಕೇ ಒಣ ಕೂದಲಲ್ಲೇ ಕತ್ತರಿಸುತ್ತೇನೆ ಅಂದರು. ಒಳಗೆ ಬೆರಳಾಡಿಸಿ ಆ ಹಲ್ಲು ಕತ್ತರಿಯ ಗುರುತನ್ನೂ ಕಂಡುಹಿಡಿದರು. "ಯಾರೋ ಆಡಿದ್ದಾರೆ ಇಲ್ಲಿ. ಮೊಳಕೆ ಬಂದ ಹಾಗೆ ಎದ್ದು ನಿಂತಿದೆ ನೋಡಿ. ಅದಕ್ಕೇ ಮೇಲಿನ ಕೂದಲು ಕೂರ್ತಿಲ್ಲ. ಇದು ಬೆಳೀಬೇಕು, ನಾನೇನೂ ಮಾಡೋಕಾಗಲ್ಲ."

ಏನೂ ಮಾಡೋಕಾಗಲ್ಲ ಅನ್ನುವ ಕ್ಷೌರಿಕರನ್ನು ನಾನು ನೋಡಿರಲಿಲ್ಲ.

ಕೂತಿದ್ದ ಮುಕ್ಕಾಲು ಗಂಟೆಯಲ್ಲಿ ನನಗೆ ನೆನಪಾದದ್ದು ಊರಿನ ಕಟಿಂಗ್ ಶಾಪು. ಕುರ್ಚಿಯ ಕೈಗಳ ಮೇಲೆ ಅಡ್ಡ ಹಲಗೆ ಇಟ್ಟು ನಮ್ಮನ್ನು ಕೂರಿಸುತ್ತಿದ್ದರು. ಅಪ್ಪ ಬೆಂಚಿನ ಮೇಲೆ ಪೇಪರ್ ಓದುತ್ತಾ ತಲೆ ಎತ್ತದೆ, "ಸಣ್ಣಗೆ ಹೊಡೆದುಬಿಡಪ್ಪಾ, ಮೂರು ತಿಂಗಳು ಈ ಕಡೆ ಬರಬಾರದು" ಅನ್ನುತ್ತಿದ್ದರು. ಹಲಗೆಯ ಮೇಲೆ ಕೂತವನನ್ನು ಯಾರೂ ಕೇಳುತ್ತಿರಲಿಲ್ಲ. ಆಮೇಲೆ ಹಲಗೆ ಹೋಯಿತು, ಅಪ್ಪ ಹೋದರು. ಆದರೂ ನಾನು ಕುರ್ಚಿಯಲ್ಲಿ ಕೂತು "ಮೀಡಿಯಂ" ಅಂತ ಗೊಣಗುತ್ತಿದ್ದೆ, ಅವರಿಗೆ ತೋಚಿದ್ದು ಅವರು ಮಾಡುತ್ತಿದ್ದರು. ಚೆನ್ನಾಗಿದೆಯಾ ಅಂತ ಹಿಂದೆ ಕನ್ನಡಿ ಹಿಡಿದಾಗ ತಲೆಯಾಡಿಸುವುದು. ಚೆನ್ನಾಗಿಲ್ಲ ಅಂದರೂ ಏನು, ಕೂದಲು ನೆಲದ ಮೇಲಿರುತ್ತಲ್ಲ.

ಹಾಗಂತ ಎಲ್ಲಾ ತಪ್ಪೂ ಕತ್ತರಿ ಹಿಡಿದವರದಲ್ಲ. ನಾನಿದ್ದ ಹೊತ್ತಿನಲ್ಲಿ ಪಕ್ಕದ ಕುರ್ಚಿಯಲ್ಲಿ ಅವರ ಸಹಾಯಕ ಮೂರು ಜನರ ಮಷಿನ್ ಕಟಿಂಗ್ ಮುಗಿಸಿದ. ತಲೆಗೆ ನೂರೈವತ್ತು. ಅಂದರೆ ನಾನೊಬ್ಬ ಕೂತರೆ ಆ ಕುರ್ಚಿಗೆ ಇನ್ನೂರೈವತ್ತು ರೂಪಾಯಿ ನಷ್ಟ. ಬಾಡಿಗೆ ಕಟ್ಟುವವನು ಯಾಕೆ ಕಲಿಯಬೇಕು ಈ ಕೆಲಸ? ಅದಕ್ಕೇ "ಮಷಿನ್ ಹಾಕಲಾ?" ಅಂದವರ ಮೇಲೆ ನನಗೆ ಈಗ ಕೋಪವಿಲ್ಲ. ಒಂಬೈನೂರು ತೆಗೆದುಕೊಂಡವರ ಮೇಲೆ ಇದೆ.

ನಾನು ಐನೂರರ ನೋಟು ಕೊಟ್ಟೆ. ಅವರು ಮುನ್ನೂರು ವಾಪಸ್ ಕೊಟ್ಟರು. ಇಟ್ಕೊಳ್ಳಿ ಅಂದರೆ ಕೇಳಲಿಲ್ಲ. "ತಲೆಸ್ನಾನ ಆದ ಮೇಲೆ ಎಲ್ಲಿ ಏರುಪೇರು ಇದೆ ಅಂತ ಗೊತ್ತಾಗುತ್ತೆ. ಹದಿನೈದು ದಿನ ಬಿಟ್ಟು ಬನ್ನಿ, ಸರಿ ಮಾಡಿಕೊಡ್ತೀನಿ. ಅದಕ್ಕೆ ದುಡ್ಡಿಲ್ಲ. ಮಂಗಳವಾರ ಬರಬೇಡಿ, ರಜ."

ನಿನ್ನೆ ಎಣ್ಣೆ ಹಚ್ಚಿ ಸ್ನಾನ ಮಾಡಿದೆ. ಒಣಗಿಸಿಕೊಂಡು ಕನ್ನಡಿ ಮುಂದೆ ನಿಂತು ಎರಡೂ ಕಡೆ ಎಳೆದು ಹಿಡಿದು ನೋಡಿದೆ. ಹೆಂಡತಿಯನ್ನೂ ಕರೆದು ಕೇಳಿದೆ. ಬಲಗಡೆ ಅರ್ಧ ಬೆರಳು ಜಾಸ್ತಿ ಇದೆ ಅಂದಳು.

ಅಡ್ಡ ಬೆರಳು.