ಗೋರ್ಡನ್ ಸ್ಕ್ವೇರ್‌ನಲ್ಲಿ ಹುರುಳಿಕಾಳು

ಬಳ್ಳಾರಿಯಿಂದ ಬಿ.ಆರ್ಕ್ (ಆರ್ಕಿಟೆಕ್ಚರ್ ಪದವಿ) ಕೊನೆಯ ವರ್ಷದ ಹುಡುಗಿಯೊಬ್ಬಳು ಮೆಸೇಜ್ ಹಾಕಿದ್ದಾಳೆ: "ಅಕ್ಕಾ, ಎಂ.ಆರ್ಕ್ ಮಾಡ್ಲಾ, ಇಲ್ಲಾ ನಿಮ್ಮ ತರ ಆರ್ಕಿಯಾಲಜಿಕಲ್ ಸೈನ್ಸ್‌ಗೆ ಬರ್ಲಾ? ಎರಡೂ ಹಳೇ ಕಟ್ಟಡದ ಕೆಲಸಾನೇ ಅಲ್ವಾ?"

ಆರ್ಕಿಯಾಲಜಿಕಲ್ ಸೈನ್ಸ್ ಅಂದರೆ ಅಗೆದು ಸಿಕ್ಕಿದ್ದನ್ನು ಲ್ಯಾಬಿನಲ್ಲಿ ಪರೀಕ್ಷಿಸುವ ಪುರಾತತ್ವ. ಬಿ.ಆರ್ಕ್ ಮುಗಿಸಿ ಇದಕ್ಕೆ ಬರುವ ಮೊದಲು ನಾನೂ ಎರಡೂ ಒಂದೇ ಅಂತ ತಿಳಿದಿದ್ದೆ. ಬೆಂಗಳೂರಿನಲ್ಲಿ ಫಾರಿನ್ ಸೀಟು ಕೊಡಿಸುವ ಒಬ್ಬ ಏಜೆಂಟ್ "ಎರಡೂ ಒಂದೇ ಮೇಡಂ, ಹೆರಿಟೇಜ್" ಅಂತ ಒಂದೇ ಮಾತಲ್ಲಿ ಮುಗಿಸಿದ್ದ. ಲಂಡನ್ನಿಗೆ ಬಂದ ಮೊದಲ ವಾರವೇ ಗೊತ್ತಾಯ್ತು, ಅವನಿಗೆ ಎರಡರ ಗಂಧವೂ ಇರಲಿಲ್ಲ.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಈ ಎರಡು ಲೋಕಗಳ ನಡುವೆ ಕೆಲವೇ ನಿಮಿಷದ ನಡಿಗೆ. ಗೋರ್ಡನ್ ಸ್ಟ್ರೀಟ್‌ನಲ್ಲಿ ಬಾರ್ಟ್ಲೆಟ್ ಆರ್ಕಿಟೆಕ್ಚರ್ ಶಾಲೆ. ಅದೇ ರಸ್ತೆ ಹಿಡಿದು ಮುಂದೆ ಬಂದರೆ ಗೋರ್ಡನ್ ಸ್ಕ್ವೇರ್, ಅಲ್ಲಿ ನಾನು ಓದುವ ಇನ್‌ಸ್ಟಿಟ್ಯೂಟ್ ಆಫ್ ಆರ್ಕಿಯಾಲಜಿ. ನನ್ನ ರೂಮ್‌ಮೇಟ್ ಬಾರ್ಟ್ಲೆಟ್‌ನಲ್ಲಿ ಹಳೆಯ ನಗರಗಳ ಪರಿಸರದ ಬಗ್ಗೆ ಎಂ.ಎ. ಮಾಡುತ್ತಿದ್ದಾಳೆ. ಇಡೀ ಬೀದಿಯನ್ನೇ ಲೇಸರ್ ಸ್ಕ್ಯಾನ್ ಮಾಡಿ, ಯಾವ ಗೋಡೆ ಯಾವ ಕಾಲದ್ದು, ಯಾವುದನ್ನು ಉಳಿಸಬೇಕು, ಯಾರು ಅಲ್ಲಿ ಬಾಡಿಗೆಗಿದ್ದಾರೆ ಅಂತ ಜಗಳ ಕಾಯುತ್ತಾಳೆ. ನಾನು ಅದೇ ಹೊತ್ತಿನಲ್ಲಿ ಮೈಕ್ರೋಸ್ಕೋಪಿನ ಮುಂದೆ ಕೂತು ಕಾಳು ಆರಿಸುತ್ತಿರುತ್ತೇನೆ.

ಕಾಳು ಆರಿಸೋದು ಅಂದರೆ ನಿಜವಾಗಿಯೂ ಕಾಳು ಆರಿಸೋದೇ. ಅಗೆದ ಜಾಗದ ಮಣ್ಣನ್ನು ಬಕೆಟ್ಟಿನ ನೀರಿಗೆ ಹಾಕಿ ಮೆಲ್ಲಗೆ ಕಲಕುತ್ತೇವೆ. ಸಾವಿರಾರು ವರ್ಷದ ಹಿಂದೆ ಒಲೆಯಲ್ಲೋ ಕಣದಲ್ಲೋ ಸುಟ್ಟು ಇದ್ದಿಲಾದ ಕಾಳು ಹಗುರ, ಮೇಲೆ ತೇಲಿ ಬರುತ್ತದೆ. ಅಕ್ಕಿ ತೊಳೆಯುವಾಗ ಜೊಳ್ಳು ತೇಲುತ್ತದಲ್ಲ, ಹಾಗೆ. ಆದರೆ ಇಲ್ಲಿ ನಮಗೆ ಬೇಕಾದದ್ದೇ ತೇಲುವುದು. ಅದನ್ನು ಕಾಲು ಮಿಲಿಮೀಟರ್ ಕಣ್ಣಿನ ಜರಡಿಗೆ ಬಗ್ಗಿಸಿ, ನೆರಳಲ್ಲಿ ಒಣಗಿಸಿ, ಸಣ್ಣ ಬ್ರಶ್ಶಿನಿಂದ ಒಂದೊಂದೇ ಬೇರೆ ಮಾಡಬೇಕು. ಒಂದು ಚಮಚದಷ್ಟು ಕರಿ ಪುಡಿಗೆ ಒಂದು ಮಧ್ಯಾಹ್ನ ಹೋಗುತ್ತದೆ. ಕತ್ತು ಹಿಡಿದುಕೊಳ್ಳುತ್ತದೆ. ಸೀನಿದರೆ ಕಥೆ ಮುಗಿಯಿತು. ಈ ಕೆಲಸ ಕೇಳಿ ನಮ್ಮ ಚಿಕ್ಕಮ್ಮ "ಮೊರದಲ್ಲಿ ಕೇರೋಕೆ ಲಂಡನ್ನಿಗೆ ಹೋಗ್ಬೇಕಿತ್ತೇನೇ?" ಅಂದರು.

ಹೋಗಬೇಕಿತ್ತು ಚಿಕ್ಕಮ್ಮ. ಯಾಕಂದರೆ ನಮ್ಮೂರಿನ ಕಥೆಯ ಒಂದು ತುಂಡು ಈ ಕಟ್ಟಡದಲ್ಲೇ ಬಿಡಿಸಿಕೊಂಡಿದ್ದು. ಬಳ್ಳಾರಿ ಪಕ್ಕದ ಸಂಗನಕಲ್ಲು ಗುಡ್ಡದಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪುರಾತತ್ವಜ್ಞ ರವಿ ಕೋರಿಶೆಟ್ಟರ್ ಜೊತೆ ಕೆಲಸ ಮಾಡಿದವರಲ್ಲಿ, ಹಳೆಯ ಕಾಳು-ಬೆಳೆಗಳ ತಜ್ಞರಾದ ಇಲ್ಲಿನ ಡೋರಿಯನ್ ಫುಲ್ಲರ್ ಒಬ್ಬರು. ದಕ್ಷಿಣದ ನವಶಿಲಾಯುಗದ ಜನ ಏನು ಬೆಳೆದು ಉಣ್ಣುತ್ತಿದ್ದರು ಅನ್ನುವುದಕ್ಕೆ ಇಂಥ ಸುಟ್ಟ ಕಾಳುಗಳಿಂದ ಸಿಕ್ಕ ಉತ್ತರದಲ್ಲಿ ಹುರುಳಿ, ಹೆಸರು, ಕೊರಲೆ ಇವೆ. ಚಿತ್ರದುರ್ಗ, ತುಮಕೂರು ಕಡೆಯವರು ಈಗ ಸಿರಿಧಾನ್ಯ ಅಂತ ಪ್ಯಾಕೆಟ್ಟಿನಲ್ಲಿ ಕೊಳ್ಳುವ ಅದೇ ಕೊರಲೆ. ಹಂಪಿ ಹತ್ತಿರ ನಿಂಬಾಪುರದ ಬೂದಿಗುಡ್ಡೆಯನ್ನು ವಾಲಿಯ ಚಿತೆಯ ಬೂದಿ ಅಂತ ತೋರಿಸುತ್ತಾರಲ್ಲ, ಅಂಥ ಗುಡ್ಡೆಗಳು ದನದ ದೊಡ್ಡಿಯ ಸಗಣಿ ಸುಟ್ಟಿದ್ದರಿಂದ ಆದವು ಅಂತ ತಿಳಿದದ್ದೂ ಬೂದಿಯನ್ನೇ ಅಗೆದು, ಪದರ ಪದರವಾಗಿ ಓದಿ.

ಇದೇ ಇನ್‌ಸ್ಟಿಟ್ಯೂಟನ್ನು 1937ರಲ್ಲಿ ಶುರುಮಾಡಿದ ಮಾರ್ಟಿಮರ್ ವೀಲರ್ ಆಮೇಲೆ ಭಾರತದ ಪುರಾತತ್ವ ಇಲಾಖೆಯ ಮುಖ್ಯಸ್ಥನಾಗಿ ಬಂದು, 1947ರಲ್ಲಿ ನಮ್ಮ ಚಿತ್ರದುರ್ಗ ಕಡೆಯ ಬ್ರಹ್ಮಗಿರಿ, ಚಂದ್ರವಳ್ಳಿಗಳನ್ನು ಅಗೆದ. ಚೌಕ ಚೌಕವಾಗಿ ಅಗೆದು, ಮಧ್ಯೆ ಮಣ್ಣಿನ ಗೋಡೆ ಹಾಗೇ ಬಿಟ್ಟು, ಆ ಗೋಡೆಯ ಪದರಗಳನ್ನು ಕಾಗದಕ್ಕೆ ಇಳಿಸುವುದು ಅವನ ಪಟ್ಟು. ಕಟ್ಟಡವನ್ನು ನೆಟ್ಟಗೆ ಸೀಳಿದರೆ ಕಾಣುವಂತೆ ನಾವು ಆರ್ಕಿಟೆಕ್ಚರ್‌ನಲ್ಲಿ ಬರೆಯುವ ಚಿತ್ರದ ಹಾಗೆ, ಆ ಚಿತ್ರಕ್ಕೂ ಅವರು ಕರೆಯುವುದು ಸೆಕ್ಷನ್ ಅಂತಲೇ.

ಆರ್ಕಿಟೆಕ್ಚರ್ ಓದಿದವಳಿಗೆ ಇಲ್ಲಿ ಸಿಗುವ ಅನುಕೂಲ ಇದೇ. ಐದು ವರ್ಷ ಬೈಸಿಕೊಂಡು ಸೆಕ್ಷನ್ ಬರೆದ ಕೈ ನನ್ನದು. ಫೀಲ್ಡಿನಲ್ಲಿ ಮೊದಲ ದಿನ ಕಂದಕದ ಗೋಡೆ ತೋರಿಸಿ "ಬರಿ" ಅಂದಾಗ ಕೆಮಿಸ್ಟ್ರಿ ಓದಿ ಬಂದವರೆಲ್ಲ ಮುಖ ಮುಖ ನೋಡಿಕೊಂಡರು. ನಾನು ದಾರ ಕಟ್ಟಿ, ಟೇಪು ಹಿಡಿದು, ಒಂದಕ್ಕೆ ಇಪ್ಪತ್ತರ ಅಳತೆಯಲ್ಲಿ ಶುರುಮಾಡಿಬಿಟ್ಟೆ. ಅದೊಂದೇ ದಿನ ನಾನು ಜಾಣೆ. ಮಾರನೇ ವಾರ ಅಂಕಿಅಂಶದ ಕ್ಲಾಸಿನಲ್ಲಿ ಕಂಪ್ಯೂಟರ್ ಪರದೆ ತುಂಬ ಕೆಂಪು ಎರರ್. ಪಿಯುಸಿ ನಂತರ ಮುಟ್ಟದ ಕೆಮಿಸ್ಟ್ರಿಯನ್ನು ರಾತ್ರಿ ಕೂತು ಮತ್ತೆ ಓದಬೇಕಾಯಿತು. ನಮ್ಮ ಬಿ.ಆರ್ಕ್ ಹುಡುಗರು ಸೋಲುವುದು ಇಲ್ಲೇ, ಇಂಗ್ಲಿಷಿನಲ್ಲಲ್ಲ.

ಬೇರೆ ದಾರಿಗಳೂ ಇವೆ. ಕಲ್ಲು, ಗಾರೆ, ಲೋಹದ ಪರೀಕ್ಷೆಯೇ ಬೇಕು ಅನ್ನುವವರಿಗೆ ಪೋರ್ಚುಗಲ್ಲಿನ ಎವೊರಾ, ಗ್ರೀಸಿನ ಥೆಸಲೊನಿಕಿ, ರೋಮ್‌ನ ವಿಶ್ವವಿದ್ಯಾಲಯಗಳು ಸೇರಿ ನಡೆಸುತ್ತಾ ಬಂದಿರುವ ಆರ್ಕ್‌ಮ್ಯಾಟ್ ಅನ್ನುವ ಮಾಸ್ಟರ್ಸ್ ಇದೆ. ಬಿರುಕು ಬಿಟ್ಟ ಗೋಪುರ ಬೀಳುತ್ತಾ ನಿಲ್ಲುತ್ತಾ ಅನ್ನುವ ಲೆಕ್ಕ ಇಷ್ಟವಿದ್ದರೆ ಪೋರ್ಚುಗಲ್ಲಿನ ಮಿನ್ಹೊ, ಪಾದುವಾ, ಬಾರ್ಸಿಲೋನಾ, ಪ್ರಾಗ್ ಸೇರಿ ರೂಪಿಸಿದ ಎಸ್‌ಎಎಚ್‌ಸಿ ಅನ್ನುವ ಮಾಸ್ಟರ್ಸ್. ಹಳೆಯ ಕಟ್ಟಡ ಉಳಿಸುವ ಕೆಲಸಕ್ಕೆ ಬೆಲ್ಜಿಯಂನ ಲ್ಯೂವೆನ್‌ಗೆ ಹೋಗಿ ಅಂತ ನಾನು ಕಣ್ಣು ಮುಚ್ಚಿ ಹೇಳುತ್ತೇನೆ. ಅಲ್ಲಿನ ರೇಮಂಡ್ ಲೆಮೇರ್ ಕೇಂದ್ರಕ್ಕೆ ಹೆಸರಾದ ಮನುಷ್ಯ ಹಳೆಯ ಕಟ್ಟಡಗಳನ್ನು ಹೇಗೆ ಉಳಿಸಬೇಕು ಅಂತ ಹೇಳುವ 1964ರ ವೆನಿಸ್ ಸನ್ನದು ಬರೆದವರಲ್ಲೊಬ್ಬ. ಅವನೇ ದುರಸ್ತಿ ಮಾಡಿಸಿದ, ಹಿಂದೆ ಬಿಗೈನ್ ಅನ್ನುವ ಧಾರ್ಮಿಕ ಹೆಂಗಸರು ಒಟ್ಟಾಗಿ ಬಾಳುತ್ತಿದ್ದ ಹಳೆಯ ಕೇರಿಯ ಇಟ್ಟಿಗೆ ಮನೆಗಳಲ್ಲಿ ಈಗ ವಿದ್ಯಾರ್ಥಿಗಳು ಬಾಡಿಗೆಗಿದ್ದಾರೆ. ಪಾಠ ಅಂದರೆ ಅದು. ಇನ್ನು ದೇಶ ಬಿಟ್ಟೇ ಹೋಗಬೇಕೆಂದೇನಿಲ್ಲ. ಪುರಾತತ್ವಕ್ಕೆ ಪುಣೆಯ ಡೆಕ್ಕನ್ ಕಾಲೇಜು, ಕಟ್ಟಡ ಉಳಿಸುವ ಓದಿಗೆ ದೆಹಲಿಯ ಎಸ್‌ಪಿಎ (ಸ್ಕೂಲ್ ಆಫ್ ಪ್ಲಾನಿಂಗ್ ಅಂಡ್ ಆರ್ಕಿಟೆಕ್ಚರ್) ನೋಡದೆ ಪಾಸ್‌ಪೋರ್ಟ್ ಆಫೀಸಿಗೆ ಓಡಬೇಡಿ.

ದುಡ್ಡಿನ ಮಾತು ಬೇಗ ಮುಗಿಸುತ್ತೇನೆ. ಬ್ರಿಟನ್ನಿನ ಮಾಸ್ಟರ್ಸ್ ಸಾಮಾನ್ಯವಾಗಿ ಒಂದೇ ವರ್ಷ, ಅದೇ ಉಳಿತಾಯ, ಅದೇ ಉಸಿರುಗಟ್ಟುವಿಕೆ. ವೀಸಾಕ್ಕೆ ತೋರಿಸುವ ಹಣ ಬ್ಯಾಂಕಿನಲ್ಲಿ 28 ದಿನ ಒಂದು ರೂಪಾಯಿಯೂ ಕೆಳಗಿಳಿಯದೆ ಕೂತಿರಬೇಕು. 25ನೇ ದಿನ ಅಣ್ಣ ಅದರಿಂದ ಟ್ರ್ಯಾಕ್ಟರ್ ಕಂತು ಕಟ್ಟಿದ, ನಾವು ಮತ್ತೆ ಒಂದರಿಂದ ಎಣಿಸಿದೆವು. ಬ್ರಿಟನ್ ಸರ್ಕಾರದ ಶೆವನಿಂಗ್ ಸ್ಕಾಲರ್‌ಶಿಪ್ ಕೇಳುವುದಾದರೆ ಎರಡು ವರ್ಷದ ಕೆಲಸದ ಅನುಭವ ಬೇಕು, ಓದು ಮುಗಿದ ಮೇಲೆ ಎರಡು ವರ್ಷ ಊರಲ್ಲಿರಬೇಕು. ಇನ್ನೊಂದು ವಿಷಯ, ನಮ್ಮ ಬಿ.ಆರ್ಕ್ ಇಟ್ಟುಕೊಂಡು ಇಲ್ಲಿ ಬೋರ್ಡಿನ ಮೇಲೆ ಆರ್ಕಿಟೆಕ್ಟ್ ಅಂತ ಬರೆಸುವಂತಿಲ್ಲ. ಅದು ಕಾನೂನು ಕಾಯುವ ಹೆಸರು, ಬೇರೆ ನೋಂದಣಿ ಬೇಕು.

ಹುಡುಗಿಗೆ ಇಷ್ಟೇ ಬರೆದೆ: ಬಾರ್ಟ್ಲೆಟ್‌ನವಳಂತೆ ಬೀದಿಯಲ್ಲಿ ನಿಂತು ಜನರ ಜೊತೆ ವಾದ ಮಾಡೋಕೆ ಇಷ್ಟವಾ, ನನ್ನಂತೆ ಮೂರು ಗಂಟೆ ಮಾತಿಲ್ಲದೆ ಕೂರೋಕಾಗುತ್ತಾ, ಹೇಳು. ಸಂಗನಕಲ್ಲಿಗೆ ಹೋಗಿ ಒಂದು ದಿನ ಇದ್ದು ಬಾ. ಗುಡ್ಡ ನೋಡಿದಾಗ ಮನೆ ಎಲ್ಲಿತ್ತು ಅನ್ನಿಸುತ್ತಾ, ಊಟ ಏನಿತ್ತು ಅನ್ನಿಸುತ್ತಾ ಅಂತ ತಿಳಿಸು. ಉತ್ತರ ಇನ್ನೂ ಬಂದಿಲ್ಲ.

ಕಳೆದ ಶನಿವಾರ ಯೂಸ್ಟನ್ ರೈಲು ನಿಲ್ದಾಣದ ಹಿಂದಿನ ಡ್ರಮ್ಮಂಡ್ ಸ್ಟ್ರೀಟಿನ ಅಂಗಡಿಯಲ್ಲಿ ಹುರುಳಿ ಸಿಕ್ಕಿತು. ಹಳೆಯ ಕಾಳು ಗುರುತಿಸಬೇಕಾದರೆ ಹೊಸ ಕಾಳು ಸುಟ್ಟರೆ ಹೇಗೆ ಕಾಣುತ್ತದೆ ಅಂತ ಗೊತ್ತಿರಬೇಕು. ಲ್ಯಾಬಿನ ಕುಲುಮೆಗೆ ಸೋಮವಾರದವರೆಗೆ ಕಾಯುವ ತಾಳ್ಮೆಯಿಲ್ಲದೆ ಒಂದು ಹಿಡಿ ಫಾಯಿಲಿನಲ್ಲಿ ಸುತ್ತಿ ಹಾಸ್ಟೆಲ್ ಓವನ್ನಿಗೆ ಇಟ್ಟೆ. ಹೊಗೆ ಅಲಾರಂ ಕೂಗಿ ನಾಲ್ಕು ಮಹಡಿಯವರು ಚಳಿಯಲ್ಲಿ ರಸ್ತೆಗಿಳಿದರು. ಫೋನಿನಲ್ಲಿ ಅಮ್ಮನಿಗೆ ಹೇಳಿದೆ.

"ಎಷ್ಟು ಸುಟ್ಟೆ?"

"ಒಂದು ಹಿಡಿ ಅಮ್ಮ."

"ಉಳಿದದ್ದು ರಾತ್ರಿಗೆ ನೆನೆಹಾಕು. ನಾಳೆ ಕಟ್ಟು ಬಸಿದು ಸಾರು ಮಾಡ್ಕೋ, ಬೆಳ್ಳುಳ್ಳಿ ಜಾಸ್ತಿ ಹಾಕು."